ಗುಡ್ಡದ ಮೇಲಿನ ಚರಗ

ವ್ಯೂ ಪಾಯಿಂಟಿಗೆ ಜನ ಹೋಗುವುದು ನೋಡುವುದಕ್ಕೆ. ನಾವು ಹೋದದ್ದು ಚೆಲ್ಲುವುದಕ್ಕೆ. ಹೈದರಾಬಾದಿನಿಂದ ಕಾರಿನಲ್ಲಿ ಹೊರಟು, ವಿಕಾರಾಬಾದ್ ದಾಟಿ, ಗುಡ್ಡ ಹತ್ತಿ, ಬೆಳಿಗ್ಗೆ ಎದ್ದು ಮಾಡಿದ ಅಡುಗೆಯನ್ನು ಗುಡ್ಡದ ತುದಿಯಿಂದ ಚೆಲ್ಲಿ ಬಂದೆವು ಎಂದು ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗಣಿತದ ಮೇಡಂ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಅಡುಗೆ ಅಷ್ಟು ಕೆಟ್ಟಿತ್ತಾ ಎಂದು ತೆಲುಗಿನಲ್ಲಿ ಕೇಳಿದರು.

ಅಡುಗೆ ಕೆಟ್ಟಿರಲಿಲ್ಲ. ಅದು ಎಳ್ಳಮಾವಾಸ್ಯೆಯ ಅಡುಗೆ. ನಮ್ಮ ಕಲಬುರಗಿ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆ ನಿಂತ ಹೊಲವೆಂದರೆ ಬಸುರಿ. ಅವಳ ಬಯಕೆ ತೀರಿಸಬೇಕು. ಸಜ್ಜಿ ರೊಟ್ಟಿ, ಕಡುಬು, ಎಳ್ಳಿನ ಹೋಳಿಗೆ, ಹಸಿ ಕಾಳು ಸೊಪ್ಪು ಎಲ್ಲ ಸೇರಿಸಿ ಕುದಿಸಿದ ಭಜ್ಜಿ, ಅಂಬಲಿ, ಹೀಗೆ ಮಾಡಿದ್ದೆಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೇ ಚರಗ ಅನ್ನುವುದು. ಮುಂದೆ ಚೆಲ್ಲುವವನು ‘ಹುಲಿಗ್ಯೋ’ ಎಂದು ಕೂಗಬೇಕು, ಹಿಂದೆ ಬರುವವರು ‘ಚಲ್ಲಂಪಲಿಗ್ಯೋ’ ಎಂದು ಓಗೊಡಬೇಕು. ಈ ಮಾತುಗಳ ಅರ್ಥ ನನಗೆ ಗೊತ್ತಿಲ್ಲ. ಊರೂರಿಗೆ ಒಂದೊಂದು ತರ ಕೂಗುತ್ತಾರೆ. ನಮ್ಮ ಅತ್ತೆಯ ಪ್ರಕಾರ ಅರ್ಥಕ್ಕಿಂತ ಓಗೊಡುವುದು ದೊಡ್ಡದು. ಯಾರೂ ಓಗೊಡದಿದ್ದರೆ ಭೂತಾಯಿ ಉಣ್ಣುವುದಿಲ್ಲ. ಕರೆದವರ ಮನೆಯಲ್ಲಿ ಜನ ಇಲ್ಲವೆಂದು ಎದ್ದು ಹೋಗಿಬಿಡುತ್ತಾಳಂತೆ.

ಮಾವ ರೈಲ್ವೆಯಲ್ಲಿದ್ದರು. ಮಲ್ಕಾಜ್‌ಗಿರಿಯಲ್ಲಿ ಮನೆ ಕಟ್ಟಿ, ಇಲ್ಲಿನ ತೆಲುಗು ಹಿಂದಿ ಎಲ್ಲ ಕಲಿತು, ಸಂತೆಯಲ್ಲಿ ತೆಲುಗಿನಲ್ಲೇ ಜಗಳವಾಡುವಷ್ಟು ಇಲ್ಲಿಯವರಾಗಿದ್ದರು. ಆದರೆ ಎಳ್ಳಮಾವಾಸ್ಯೆಗೆ ಮಾತ್ರ ರಜೆ ಹಾಕಿ ಊರಿಗೆ ಹೋಗಿ, ಅಣ್ಣತಮ್ಮಂದಿರ ಕೂಡು ಹೊಲದಲ್ಲಿ ಮುಂದೆ ನಿಂತು ಕೂಗುವವರು ಅವರೇ. ಅವರು ತೀರಿಕೊಂಡ ವರ್ಷ ಹಬ್ಬವಿರಲಿಲ್ಲ. ಅದರ ಮುಂದಿನ ವರ್ಷ ಹಬ್ಬ ಬಂತು, ಹೊಲ ಇರಲಿಲ್ಲ. ಮಾವನ ಅಣ್ಣನ ಮಕ್ಕಳು ಅದನ್ನು ಸೋಲಾರ್ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದ್ದರು. ಜೋಳ ನಿಲ್ಲುತ್ತಿದ್ದ ಜಾಗದಲ್ಲಿ ಗಾಜಿನ ಹಲಗೆಗಳು ಸಾಲಾಗಿ ಆಕಾಶ ನೋಡುತ್ತ ನಿಂತಿದ್ದವು, ಸುತ್ತ ತಂತಿ ಬೇಲಿ. ಅವರು ಒಳ್ಳೆಯ ಹುಡುಗರೇ. ಕಾಕಿ ನೀವು ಬರ್ರಿ, ನಾವು ಪರ್ಮಿಷನ್ ಕೇಳಿ ಇಟ್ಟಿರತೀವಿ, ಗೇಟಿನ ಹತ್ತಿರ ನಿಂತು ಮಾಡಬಹುದು, ಹಲಗೆಗಳ ಮೇಲೆ ಮಾತ್ರ ಭಜ್ಜಿ ಬೀಳಬಾರದು ಎಂದು ಫೋನಿನಲ್ಲಿ ಅತ್ತೆಗೆ ಬಹಳ ಪ್ರೀತಿಯಿಂದ ಹೇಳಿದರು. ಅತ್ತೆ ಹೂಂ ಎಂದು ಫೋನು ಇಟ್ಟರು.

ಅಂದಿನಿಂದ ಅವರು ಮಾತು ನಿಲ್ಲಿಸಿದರು. ನನಗೆ ಅತ್ತೆಯ ಬೈಗುಳದ ಭಯವಿಲ್ಲ, ಅದಕ್ಕೆ ಉತ್ತರ ಕೊಟ್ಟು ರೂಢಿಯಾಗಿದೆ. ಮೌನಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅವರು ಮೂಲೆಯಲ್ಲಿ ಕೂತು ಎಳ್ಳು ಆರಿಸುವುದು, ಆರಿಸಿದ ಎಳ್ಳನ್ನೇ ಮತ್ತೆ ಆರಿಸುವುದು ನೋಡಿ ನಮ್ಮ ಮನೆಯಲ್ಲಿ ಸಭೆ ಸೇರಿತು. ಕಾಲೇಜಿಗೆ ಹೋಗುವ ಮಗಳು, ಟೆರೇಸಿನ ಮೇಲೆ ಕುಂಡಗಳಿವೆಯಲ್ಲ, ಅಲ್ಲೇ ಚೆಲ್ಲೋಣ ಎಂದಳು. ಕುಂಡದಲ್ಲಿದ್ದದ್ದು ಒಂದು ಕರಿಬೇವು, ಒಂದು ಬಾಡಿದ ಗುಲಾಬಿ. ನಾನು ಕಾಲೋನಿಯ ಪಾರ್ಕು ಸೂಚಿಸಿದೆ. ಹಿಂದಿನ ಬೀದಿಯಲ್ಲಿ ಒಂದು ಖಾಲಿ ಪ್ಲಾಟು ಇತ್ತು, ಆದರೆ ಅದರ ಮೇಲೆ ಕೋರ್ಟ್ ಕೇಸಿದೆ ಎಂಬ ಬೋರ್ಡಿತ್ತು. ಕೇಸಿನಲ್ಲಿರುವ ನೆಲಕ್ಕೆ ಉಣ್ಣಿಸಿ ಯಾವ ಪಾರ್ಟಿಯ ಪುಣ್ಯ ಹೆಚ್ಚಿಸಬೇಕು ಎಂದು ಅತ್ತೆ ಮೌನ ಮುರಿದು ಕೇಳಿದರು, ಮತ್ತೆ ಸುಮ್ಮನಾದರು.

ನಮ್ಮ ಯಜಮಾನರು ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಿಂತ ಮಷೀನು ಓಡಿಸುವುದೇ ಅವರ ನೌಕರಿ, ಹಾಗಾಗಿ ಲೋಕದಲ್ಲಿ ಏನೇ ನಿಂತುಹೋದರೂ ಒಂದು ನಟ್ಟು ತಿರುವಿದರೆ ಸರಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಅವರು ಒಂದು ಸಂಜೆ ಮುಖ ಅರಳಿಸಿಕೊಂಡು ಬಂದರು. ಜೊತೆಗೆ ಕೆಲಸ ಮಾಡುವ ಯಾರೋ ಹೇಳಿದ್ದರಂತೆ, ವಿಕಾರಾಬಾದ್ ಆಚೆ ಒಂದು ಗುಡ್ಡವಿದೆ, ಮೇಲೆ ವ್ಯೂ ಪಾಯಿಂಟ್ ಇದೆ, ಅಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರ ನೆಲವೇ ನೆಲ. ನಮ್ಮ ಊರೂ ಅದೇ ದಿಕ್ಕಿಗೆ. ಊರಿನ ಕಡೆ ಮುಖ ಮಾಡಿ ಮೇಲಿನಿಂದ ಚೆಲ್ಲಿದರೆ ಆಯಿತು, ಬೇಲಿಯ ಕಾಟವಿಲ್ಲ, ಪರ್ಮಿಷನ್ನಿನ ಕಾಟವಿಲ್ಲ.

ಅತ್ತೆ ಎಳ್ಳಿನ ಮೊರ ಕೆಳಗಿಟ್ಟು, "ಅಲ್ಲಿಂದ ಹೊಲ ಕಾಣತಾವೇನು?" ಎಂದರು.

"ಕಾಣದೇನು ಯವ್ವ, ನಾಕೂ ಕಡೆ ಹೊಲಾನ ಐತಿ."

"ಕೂಗಾವ್ರು ಯಾರು?"

"ನಾ ಕೂಗತೀನಿ. ಇಕಿ, ಹುಡುಗಿ ಹಿಂದ ಓಗೊಡತಾರ."

ಅತ್ತೆ ಮಗನನ್ನು ನೋಡಿದರು. ನಾನೂ ನೋಡಿದೆ. ಟವೆಲ್ ಎಲ್ಲಿದೆ ಎಂದು ಬಾತ್‌ರೂಮಿನಿಂದ ಕೇಳುವಾಗ ಇವರ ದನಿ ಎದುರು ಮನೆಯವರಿಗೂ ಕೇಳುತ್ತದೆ. ಅದೇ ಮನುಷ್ಯ ಹೋಟೆಲಿನಲ್ಲಿ ನೀರು ಬೇಕಾದರೆ ನನ್ನ ಮುಖ ನೋಡುತ್ತಾರೆ. ಆದರೂ ಅತ್ತೆಯ ಕಣ್ಣಲ್ಲಿ ಹೊಳಪು ಬಂದಿತ್ತು, ನಾನು ಬಾಯಿ ಮುಚ್ಚಿಕೊಂಡೆ.

ಹಬ್ಬದ ದಿನ ರಜೆ ಹಾಕಿ ಹೊರಟೆವು. ನಮ್ಮ ಕಡೆಯವರು ಬುತ್ತಿ ಇಲ್ಲದೆ ಬಸ್ ಸ್ಟ್ಯಾಂಡಿಗೂ ಹೋಗುವವರಲ್ಲ. ಇದಂತೂ ಹಬ್ಬದ ಬುತ್ತಿ. ಡಿಕ್ಕಿಯಲ್ಲಿ ಭಜ್ಜಿಯ ಪಾತ್ರೆ, ರೊಟ್ಟಿಯ ಗಂಟು, ಹೋಳಿಗೆ ಡಬ್ಬಿ, ಕಡುಬಿನ ಬುಟ್ಟಿ. ಅಂಬಲಿಯ ಗಡಿಗೆಯ ಮಟ್ಟಿಗೆ ಅತ್ತೆಗೆ ಡಿಕ್ಕಿಯ ಮೇಲೆ ನಂಬಿಕೆಯಿಲ್ಲವೆಂದು ಅದು ನನ್ನ ತೊಡೆಯ ಮೇಲೆ. ಮಗಳು ಅಂಬಲಿಯ ವಾಸನೆಗೆ ಕಿಟಕಿ ಇಳಿಸಿದಳು, ಅತ್ತೆ ಚಳಿಗೆ ಏರಿಸು ಎಂದರು, ಈ ವಾದ ಹೈದರಾಬಾದ್ ದಾಟುವ ತನಕ ನಡೆಯಿತು. ರಿಂಗ್ ರೋಡ್ ಕಳೆದ ಮೇಲೆ ಎರಡೂ ಬದಿ ಹೊಲಗಳು ಶುರುವಾದವು, ಹೊಲಗಳ ನಡುವೆ ಪ್ಲಾಟುಗಳ ಬೋರ್ಡುಗಳು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಇದು ತೊಗರಿ, ಇದು ಹತ್ತಿ, ಇದು ಕಡಲಿ ಎಂದು ಹೇಳುತ್ತ ಬಂದರು. ಬೋರ್ಡು ಬಂದಾಗ ಸುಮ್ಮನಾಗುತ್ತಿದ್ದರು.

ಗುಡ್ಡದ ಬುಡದಲ್ಲಿ ಒಂದು ಗೇಟು, ಒಬ್ಬ ಕಾವಲುಗಾರ, ಒಂದು ದೊಡ್ಡ ಬೋರ್ಡು. ಕಸ ಚೆಲ್ಲಬಾರದು, ಮಂಗಗಳಿಗೆ ಆಹಾರ ಹಾಕಬಾರದು, ಗಲಾಟೆ ಮಾಡಬಾರದು. ನಾವು ಬಂದದ್ದು ಹೆಚ್ಚುಕಡಿಮೆ ಈ ಮೂರು ಕೆಲಸಕ್ಕೇ. ಕಾವಲುಗಾರ ಡಿಕ್ಕಿ ತೆಗೆಸಿ ಪಾತ್ರೆಗಳನ್ನು ನೋಡಿ, ಎಷ್ಟು ಬಸ್ಸು ಬರುತ್ತಿವೆ ಎಂದು ಕೇಳಿದ. ನಾವು ನಾಲ್ಕೇ ಜನ, ಸ್ವಲ್ಪ ಊಟ ಜಾಸ್ತಿ ಎಂದು ಯಜಮಾನರು ಮೆಲ್ಲಗೆ ತೆಲುಗಿನಲ್ಲಿ ಹೇಳಿದರು. ಅವನು ನನ್ನ ಗಾತ್ರವನ್ನೊಮ್ಮೆ ನೋಡಿ ನಂಬಿದ. ಆ ನೋಟವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕಾರು ನಿಲ್ಲಿಸಿ ಮೇಲೆ ಸ್ವಲ್ಪ ದೂರ ನಡೆಯಬೇಕು. ಅತ್ತೆಯ ಮೊಣಕಾಲಿಗೆ ಮೆಟ್ಟಿಲೆಂದರೆ ಆಗದು, ಆದರೂ ಅಂದು ಅವರೇ ಮುಂದೆ. ಮೇಲೆ ಹೋಗಿ ಕಟಕಟೆ ಹಿಡಿದು ನಿಂತರು. ಕೆಳಗೆ, ಬಿಸಿಲಿನಲ್ಲಿ, ಕಪ್ಪು ಕೆಂಪು ಹಸಿರು ತುಂಡುಗಳಾಗಿ ನೆಲ ಹರಡಿಕೊಂಡಿತ್ತು. ದೂರದಲ್ಲಿ ಒಂದು ಕೆರೆ, ಅದರಾಚೆ ಮಂಜು ಮಂಜು. ಯಾವುದೂ ನಮ್ಮದಲ್ಲ, ಆದರೆ ಚೆಂದ ಇತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಭಾಳ ಛಲೋ ಜಾಗ ತೋರಿಸಿದಿ ತಮ್ಮಾ ಎಂದರು. ಮಗ ಉಬ್ಬಿ, ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಊರಿನ ದಿಕ್ಕು ಹುಡುಕಲು ಶುರುಮಾಡಿದರು. ಮೊಬೈಲು ಮೊದಲು ನಮ್ಮ ಊರನ್ನು ಟಾಯ್ಲೆಟ್ಟಿನ ಕಡೆ ತೋರಿಸಿತು. ಮೊಬೈಲನ್ನು ಗಾಳಿಯಲ್ಲಿ ಎಂಟರ ಅಂಕಿ ಬರೆದಂತೆ ಆಡಿಸಿದ ಮೇಲೆ ಸರಿಯಾದ ದಿಕ್ಕಿಗೆ ಬಂತು.

ನಾವು ಮಾತ್ರ ಇದ್ದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಮಿಯಾಪುರದ ಯಾವುದೋ ದೊಡ್ಡ ಅಪಾರ್ಟ್‌ಮೆಂಟಿನವರು ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಅದೇ ಕಟಕಟೆಗೆ ಬಂದರು. ಗುಂಪು ಫೋಟೊ, ಜೋಡಿ ಫೋಟೊ, ಹಾರುವ ಫೋಟೊ. ಯಜಮಾನರು ಕಲಸಿದ ಚರಗದ ಪಾತ್ರೆ ಹಿಡಿದು ಅವರು ಹೋಗಲೆಂದು ಕಾದರು. ಅವರು ಹೋಗಲಿಲ್ಲ. ಕೊನೆಗೆ ಅತ್ತೆಯ ಕಣ್ಣು ತಪ್ಪಿಸಲಾಗದೆ ಒಂದು ಹಿಡಿ ಹೊರಗೆ ಚೆಲ್ಲಿ, ‘ಹುಲಿಗ್ಯೋ’ ಎಂದರು. ಎದುರಿಗಿದ್ದವರ ಕಿವಿಯಲ್ಲಿ ಗುಟ್ಟು ಹೇಳುವಷ್ಟು ದನಿ. ಆದರೂ ಟೀ ಶರ್ಟಿನ ಒಬ್ಬ ತಿರುಗಿ ನೋಡಿ, ಏನಾದರೂ ಪೂಜೆಯಾ ಅಂಕಲ್ ಎಂದು ತೆಲುಗಿನಲ್ಲಿ ಕೇಳಿದ. ಯಜಮಾನರು ‘ಗ್ಯೋ’ವನ್ನು ಕೆಮ್ಮಿನಲ್ಲಿ ಮುಗಿಸಿ, ಪೂಜೆಗೀಜೆ ಏನೂ ಇಲ್ಲ, ಹಕ್ಕಿಗಳಿಗೆ ಅಂತ ಸ್ವಲ್ಪ ಕಾಳು ಎಂದು ತೆಲುಗಿನಲ್ಲೇ ಹೇಳಿದರು.

ಅತ್ತೆ ಮಲ್ಕಾಜ್‌ಗಿರಿಯಲ್ಲಿ ಅರ್ಧ ಆಯುಷ್ಯ ಕಳೆದವರು. ತೆಲುಗು ಅವರಿಗೆ ಚೆನ್ನಾಗಿ ಬರುತ್ತದೆ. ಅವರು ಬಂದು ಮಗನ ಕೈಯಿಂದ ಪಾತ್ರೆ ತೆಗೆದುಕೊಂಡರು.

"ನಾ ಹಕ್ಕಿಗಿ ಹಾಕಾಕ ಬಂದಿಲ್ಲಪ. ಕೊಡು ಇಲ್ಲಿ."

ಹೆಂಗಸರು ಚರಗ ಕೂಗಬಾರದೆಂದು ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ; ಕೂಗಿದ್ದನ್ನು ಯಾರೂ ಕಂಡದ್ದೂ ಇಲ್ಲ. ಅತ್ತೆ ಇಷ್ಟು ವರ್ಷ ಮಾವನ ಹಿಂದೆ ನೀರಿನ ತಂಬಿಗೆ ಹಿಡಿದು ನಡೆದವರು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟಕಟೆಗೆ ಹೊಟ್ಟೆ ಆನಿಸಿ, ತೋಳು ಬೀಸಿ ಚೆಲ್ಲಿ ಕೂಗಿದರು. ‘ಹುಲಿಗ್ಯೋ’ ಎಂಬುದು ಗುಡ್ಡದಿಂದ ಹೊರಟು ಬಯಲಿಗೆ ಹೋಯಿತು. ಆ ದನಿ ಅತ್ತೆಯದು ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಫೋಟೊ ತೆಗೆಯುವವರೆಲ್ಲ ನಿಂತುಬಿಟ್ಟರು.

ಈಗ ಓಗೊಡಬೇಕಾದವರು ನಾವು ಮೂವರು. ಯಜಮಾನರು ಕೆರೆಯನ್ನು ನೋಡುತ್ತಿದ್ದರು. ಮಗಳು ಕಿವಿಯ ತನಕ ಕೆಂಪಾಗಿ ಮೊಬೈಲು ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಗಲಾಟೆ ಮಾಡುವ ಆರನೇ ತರಗತಿಯನ್ನು ಒಂದೇ ಕೂಗಿಗೆ ತಣ್ಣಗಾಗಿಸುವ ಬಾಯಿ ಅದು, ಶಾಲೆಯಲ್ಲಿ ಅದಕ್ಕೆ ಹೆಸರಿದೆ. ಟೀ ಶರ್ಟಿನ ಹೆಂಗಸೊಬ್ಬಳು ನನ್ನ ಕಡೆ ನೋಡಿ ನಕ್ಕಳು, ಬಾಯಿ ಮುಚ್ಚಿದೆ. ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು, ಎರಡರಿಂದಲೂ ದನಿ ಹೊರಡಲಿಲ್ಲ.

ಅತ್ತೆ ಎರಡನೇ ಸಲ ಕೂಗಿದರು. ಗಾಳಿ ಬೀಸಿತು. ಅವರು ತಿರುಗಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬೈಯಲಿಲ್ಲ. ಕೈಯಲ್ಲಿ ಹಿಡಿದ ಚರಗ ಬೆರಳ ಸಂದಿಯಿಂದ ಜಾರುತ್ತಿತ್ತು, ಕಣ್ಣಲ್ಲಿ ನೀರಿತ್ತು. ಭೂತಾಯಿಯ ಮಾತು ಬಿಡಿ, ಆ ಕ್ಷಣ ಕರೆದವರ ಮನೆಯಲ್ಲಿ ಜನ ಇಲ್ಲ ಎಂಬುದು ಅತ್ತೆಗೇ ಗೊತ್ತಾಗಿತ್ತು. ಅವರು ಮತ್ತೆ ಆಚೆ ತಿರುಗಿ, ಉಳಿದದ್ದನ್ನು ಮುಗಿಸಬೇಕಲ್ಲ ಎಂಬಂತೆ, ಮೂರನೇ ಸಲ ಸಣ್ಣಗೆ ಅಂದರು. "ಹುಲಿಗ್ಯೋ."

"ಚಲ್ಲಂಪಲಿಗ್ಯೋ!"

ಒಂದಲ್ಲ, ಹತ್ತಾರು ದನಿ. ಗಂಡಸರದು, ಹೆಂಗಸರದು. ನೇರ ನಮ್ಮ ಕಾಲ ಕೆಳಗಿನಿಂದ ಬಂತು. ಮೊದಲು ಬಗ್ಗಿ ನೋಡಿದವಳು ಮಗಳು. ಕಟಕಟೆಯ ಕೆಳಗೆ, ಇಳಿಜಾರಿನಲ್ಲಿ, ಹಸಿರು ಬಲೆ ಕಟ್ಟಿ ಹೊಸದೊಂದು ಅಟ್ಟಣಿಗೆ ಕಟ್ಟುತ್ತಿದ್ದರು. ಮುಂದಿನ ವರ್ಷ ಬರುವವರು ಇನ್ನೂ ಮುಂದೆ ಹೋಗಿ ನಿಂತು ಇನ್ನೂ ದೂರ ನೋಡಲಿ ಎಂದು. ನಾವೆಲ್ಲ ದೂರವನ್ನೇ ನೋಡುತ್ತಿದ್ದುದರಿಂದ ಬುಡದಲ್ಲಿ ಜನ ಇರುವುದು ಯಾರಿಗೂ ಕಂಡಿರಲಿಲ್ಲ. ಕೆಲಸ ನಿಲ್ಲಿಸಿ ಊಟಕ್ಕೆ ಕೂತಿದ್ದ ಕೂಲಿಯವರು, ಮೈಮೇಲೆಲ್ಲ ಸಿಮೆಂಟು, ಕತ್ತೆತ್ತಿ ನಮ್ಮನ್ನು ನೋಡುತ್ತಿದ್ದರು. ಅತ್ತೆ ಮತ್ತೊಂದು ಹಿಡಿ ಚೆಲ್ಲಿ ಗಂಟಲು ಬಿರಿಯುವಂತೆ ಕೂಗಿದರು, ಅವರು ಮತ್ತೆ ಓಗೊಟ್ಟರು. ಪಾತ್ರೆ ಖಾಲಿಯಾಗುವ ತನಕ ಹೀಗೇ ನಡೆಯಿತು. ಕೊನೆಕೊನೆಗೆ ಮಗಳ ದನಿಯೂ ಅದರಲ್ಲಿ ಸೇರಿತ್ತು ಎಂದು ನನ್ನ ಅನುಮಾನ, ಕೇಳಿದರೆ ಇಲ್ಲವೆನ್ನುತ್ತಾಳೆ.

ಆಮೇಲೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಊರು ಕೇರಿಗಳ ವಿಚಾರಣೆಯಾಯಿತು. ಅವರಲ್ಲಿ ಕೆಲವರು ಜೇವರ್ಗಿ ಕಡೆಯವರು, ಕೆಲವರು ಶಹಾಪುರದ ಕಡೆಯವರು. ಹಬ್ಬಕ್ಕೆ ಊರಿಗೆ ಹೋಗಬೇಕೆಂದಿದ್ದರಂತೆ, ಅಟ್ಟಣಿಗೆ ಬೇಗ ಮುಗಿಯಬೇಕೆಂದು ಮೇಸ್ತ್ರಿ ಬಿಟ್ಟಿರಲಿಲ್ಲ. ಅತ್ತೆ ಇಷ್ಟು ಕೇಳಿದ್ದೇ ತಡ, ಬುತ್ತಿ ಎಲ್ಲ ಕೆಳಗೆ ತರ್ರಿ ಎಂದು ನಮಗೆ ಅಪ್ಪಣೆ ಮಾಡಿ, ಪ್ರವೇಶವಿಲ್ಲ ಎಂದು ಕಟ್ಟಿದ್ದ ಪಟ್ಟಿಯನ್ನು ಎತ್ತಿ ನುಸುಳಿ, ಮಣ್ಣಿನ ದಾರಿಯಲ್ಲಿ ಕೂತು ಕೂತು ಇಳಿಯತೊಡಗಿದರು. ಮೇಲಿದ್ದ ಇನ್ನೊಬ್ಬ ಕಾವಲುಗಾರ ಓಡಿಬಂದ. ಆಗ ನಮ್ಮ ಯಜಮಾನರ ದನಿ ಹೊರಬಿತ್ತು, ಟವೆಲ್ ಕೇಳುವ ಪೂರಾ ದನಿ. ನಮ್ಮವ್ವ ಎಲ್ಲಿಗೆ ಬೇಕಾದರೂ ಹೋಗುತ್ತಾಳೆ, ನೀನ್ಯಾರು ಕೇಳೋಕೆ ಎಂದು ತೆಲುಗಿನಲ್ಲಿ ಗುಡುಗಿದರು. ಅವನು ಹೆದರಿ ಹೋಗಿಬಿಟ್ಟ. ಹತ್ತು ನಿಮಿಷ ಮೊದಲು ಇದೇ ದನಿ ಎಲ್ಲಿತ್ತು ಎಂದು ನಾನು ಕೇಳಲಿಲ್ಲ; ನನ್ನದೂ ಎಲ್ಲಿತ್ತು ಎಂದು ಅವರು ಕೇಳಬಹುದಿತ್ತು.

ಕೆಳಗೆ ಎಲ್ಲರೂ ಸಾಲಾಗಿ ಕೂತರು. ಅತ್ತೆ ನಿಂತು ಬಡಿಸಿದರು. ರೊಟ್ಟಿ ಮುರಿದು ಬಾಯಿಗಿಟ್ಟ ಮುದುಕನೊಬ್ಬ ಕಣ್ಣು ಮುಚ್ಚಿ ಅಗಿದ. ಅತ್ತೆ ಎರಡು ವರ್ಷದಲ್ಲಿ ಅಷ್ಟು ಸಂತೋಷವಾಗಿದ್ದನ್ನು ನಾನು ಕಂಡಿರಲಿಲ್ಲ. ಸಾಲಿನ ಈ ಕಡೆ ತುದಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳಿಗೆ ಭಜ್ಜಿ ಹಾಕುತ್ತ, ಈ ಸಲ ನಿಮ್ಮ ಹೊಲದಾಗ ಚರಗ ಯಾರು ಚೆಲ್ಲತಾರ ಮತ್ತ ಎಂದು ಕೇಳಿದರು.

ಅವಳು ನಕ್ಕಳು. "ನಮಗ ಎಲ್ಲಿ ಹೊಲಾರಿ ಆಯಿ? ಯಾರ ಹೊಲದಾಗ ಕೂಲಿ ಇರತಿತ್ತೋ ಅವರ ಹಿಂದ ಕೂಗತಿದ್ವಿ. ಹೊಲದಾವ್ರು ಮುಂದ ಚೆಲ್ಲಾವ್ರು, ನಾವು ಹಿಂದ ಕೂಗಾವ್ರು. ಕಿವಿಗಿ ಬಿದ್ರ ಸಾಕು, ಬಾಯಿ ತಾನಾ ತೆರಿತೈತಿ."

ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು.

ನಮ್ಮ ಹೊಲದಲ್ಲೂ ಮಾವನ ಹಿಂದೆ ಹೀಗೆ ಕೂಗುವವರಿದ್ದರು. ಮದುವೆಯಾದ ಹೊಸದರಲ್ಲಿ ನಾನೇ ನೋಡಿದ್ದೇನೆ. ಗಂಟಲು ಒಣಗುವ ತನಕ ಓಗೊಟ್ಟು, ಆಮೇಲೆ ಅವರು ದೂರದ ಬೇವಿನ ಮರದ ಕೆಳಗೆ ಹೋಗಿ ಕೂರುವರು. ಮನೆಯವರು, ಬೀಗರು, ಬಂದವರು ಎಲ್ಲ ಉಂಡೆದ್ದ ಮೇಲೆ ಅತ್ತೆ ಬುಟ್ಟಿ ತುಂಬಿ ಅಲ್ಲಿಗೆ ಕಳಿಸುವರು. ಕೈ ಬಿಚ್ಚಿಯೇ ಕಳಿಸುತ್ತಿದ್ದರು, ಅದರಲ್ಲಿ ಜಿಪುಣತನವಿರಲಿಲ್ಲ. ಮೊದಲು ನಾವು, ಆಮೇಲೆ ಅವರು, ಅಷ್ಟೇ. ಹೊಲ ಹೋಯಿತೆಂದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ದುಃಖ ನಡೆಯಿತು. ಅಲ್ಲಿ ಗಾಜಿನ ಹಲಗೆ ಬಂದ ಮೇಲೆ ಆ ಜನ ಎಲ್ಲಿಗೆ ಹೋದರು ಎಂದು ನಾವು ಯಾರೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ. ಅವರ ಮುಖ ನೋಡಿದರೆ ಈಗ ಅದನ್ನೇ ಯೋಚಿಸುತ್ತಿದ್ದರು ಅನಿಸಿತು.

"ನೀವು ಉಂಡಿಲ್ಲೇನ್ರಿ?" ಎಂದು ಆ ಹೆಂಗಸು ಕೇಳಿದಳು.

"ನೀವು ಉಣ್ರಿ ಮೊದಲ. ನಮ್ದು ಆಮ್ಯಾಲ ಆಗತೈತಿ."

"ಆಮ್ಯಾಲ ಯಾಕ್ರಿ?" ಅವಳು ಪಕ್ಕಕ್ಕೆ ಸರಿದು, ತಾನು ಕೂತಿದ್ದ ಸಿಮೆಂಟಿನ ಖಾಲಿ ಚೀಲದಲ್ಲಿ ಅರ್ಧ ಜಾಗ ಬಿಟ್ಟು ಕೈಯಿಂದ ಧೂಳು ಜಾಡಿಸಿದಳು. "ಬರ್ರಿ, ಕುಂದರ್ರಿ. ಇದೇನು ಯಾರ ಹೊಲಾನೂ ಅಲ್ಲ."

ಅತ್ತೆ ಆ ಚೀಲವನ್ನು ನೋಡುತ್ತ ನಿಂತರು. ಯಜಮಾನರು ಏನೋ ಹೇಳಲು ಬಾಯಿ ತೆರೆದರು, ನಾನು ಬೇಡವೆಂದು ಕಣ್ಣು ಮಾಡಿದೆ. ಆಮೇಲೆ ಅತ್ತೆ ಸೌಟನ್ನು ನನ್ನ ಕೈಗೆ ಕೊಟ್ಟು, ಮೊಮ್ಮಗಳ ಭುಜ ಹಿಡಿದು, ನೋಯುವ ಕಾಲು ಮುಂದೆ ಚಾಚಿಕೊಂಡು ಅವಳ ಪಕ್ಕದಲ್ಲಿ ಕೂತರು.

ನಾನು ರೂಢಿಯಂತೆ ಮೊದಲ ರೊಟ್ಟಿಯನ್ನು ಅತ್ತೆಗೆ ಹಾಕಲು ಬಗ್ಗಿದೆ. ಅವರು ಕೈ ಅಡ್ಡ ಹಿಡಿದರು.

"ಆ ತುದಿಂದ ಬಡಿಸ್ಕೋತ ಬಾ. ನನ್ನ ಪಾಳಿ ಬಂದಾಗ ಹಾಕು."